‘ಬರ್ರಿ’ ಅಂದದ್ದು ಯಾರಿಗೆ?

ಮೊದಲೇ ಹೇಳಿಬಿಡುತ್ತೇನೆ, ಇಂಥ ಅನುಭವಗಳನ್ನು ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ತೀರಿಹೋದ ಅಜ್ಜಿ ಕನಸಿನಲ್ಲಿ ಬಂದು ಕಳೆದುಹೋದ ಬೀಗದ ಕೈ ತೋರಿಸಿದಳು ಎಂದು ಯಾರಾದರೂ ಪುರವಣಿಯಲ್ಲಿ ಬರೆದಿದ್ದರೆ, ಅದನ್ನು ಇವರೇ ಎಲ್ಲೋ ಇಟ್ಟು ಮರೆತಿರಬೇಕು ಎಂದು ಗೊಣಗುತ್ತ ಪುಟ ಮಗುಚುತ್ತಿದ್ದೆ. ನನ್ನ ಗಂಡ ಸಿಂದಗಿಯಲ್ಲಿ ಹೈಸ್ಕೂಲು ಮಾಸ್ತರು. ಅವರ ಜೊತೆಯವರು ಮನೆಗೆ ಬಂದು ಚಹಾ ಕುಡಿಯುತ್ತ ದೆವ್ವದ ಮಾತು ತೆಗೆದರೆ ಅಡುಗೆಮನೆಯಿಂದಲೇ ಏನಾದರೊಂದು ಚುಚ್ಚುಮಾತು ಎಸೆದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೂ ಅದೇ ಸಾಲಿನಲ್ಲಿ ಬಂದು ಕೂತಿದ್ದೇನೆ. ನಗುವವರು ನಗಬಹುದು, ನನ್ನ ತಕರಾರಿಲ್ಲ.

ಇನ್ನೊಂದು ಮಾತು. ಇಂಥವೆಲ್ಲ ಕರೆಂಟು ಹೋದ ನಡುರಾತ್ರಿಯಲ್ಲೇ ನಡೆಯಬೇಕೆಂಬ ರೂಢಿ ಇದೆ. ನನಗೆ ಆದದ್ದು ಮಟಮಟ ಮಧ್ಯಾಹ್ನ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಫಿನೈಲು ಹಾಕಿ ಒರೆಸಿದ ಕೋಣೆಯೊಳಗೆ.

ನಾನು ವಿಜಯಪುರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಆಗ ದಿನಾ ಸಿಂದಗಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕೊರೊನಾದ ಗದ್ದಲ ಮುಗಿದ ಮೇಲಿನ ವರ್ಷಗಳ ಮಾತಿದು. ನಮ್ಮ ಡಾಕ್ಟರ್ ಮೇಡಂ ಒಂದು ಅಧ್ಯಯನ ಶುರು ಮಾಡಿದ್ದರು. ಮಿದುಳಿನ ರಕ್ತನಾಳ ಕಟ್ಟಿ ಲಕ್ವಾ ಹೊಡೆದವರು ದಾಖಲಾದ ಕೂಡಲೇ ಅವರ ರಕ್ತ ತೆಗೆಯುವುದು, ಕೆಲವು ದಿನ ಬಿಟ್ಟು ಇನ್ನೊಮ್ಮೆ ತೆಗೆಯುವುದು, ಅದರೊಳಗಿನ ಕೆಲವು ಅಂಶಗಳನ್ನು ಅಳೆದು ಯಾರು ಎದ್ದು ನಡೆದಾರು, ಯಾರು ಹಾಸಿಗೆ ಹಿಡಿದಾರು ಎಂದು ಮುಂಚಿತವಾಗಿ ತಿಳಿಯಲು ಬರುತ್ತದೆಯೋ ನೋಡುವುದು. ನಮ್ಮ ಕಡೆ ಲಕ್ವಾ ಹೊಡೆದರೆ ಈಗಲೂ ಪಾರಿವಾಳ ಕೊಯ್ದು ಅದರ ಬಿಸಿ ರಕ್ತವನ್ನು ಸೋತ ಕೈಕಾಲಿಗೆ ತಿಕ್ಕುವವರಿದ್ದಾರೆ. ಅಂಥವರು ಬಂದರೆ, ಪಾರಿವಾಳದ ರಕ್ತ ಇರಲಿ, ಮೊದಲು ನಿಮ್ಮ ರಕ್ತ ಕೊಡ್ರಿ ಎಂದು ನಾನು ತೋಳಿಗೆ ಪಟ್ಟಿ ಬಿಗಿಯುತ್ತಿದ್ದೆ.

ಮೇಡಂ ಹೇಳಿಕೊಟ್ಟದ್ದು ಇಷ್ಟು. ಮಿದುಳಿನ ನರದ ಎಳೆಗಳು ಹರಿದಾಗ ಅವುಗಳೊಳಗಿನ ಒಂದು ಪ್ರೋಟೀನು ಸೋರಿ ರಕ್ತಕ್ಕೆ ಬರುತ್ತದೆ. ಹೆಚ್ಚು ಸೋರಿದೆ ಎಂದರೆ ಹಾನಿ ಹೆಚ್ಚು. ಇದರ ಜೊತೆಗೆ ಹೃದಯ ದಣಿದಾಗ ಏರುವಂಥದೊಂದು, ಮೈಯೊಳಗೆ ಉರಿಯೂತ ಎದ್ದಾಗ ಏರುವಂಥದೊಂದು. ಎಲ್ಲ ಸೇರಿಸಿ ನೋಡಿದರೆ ಮುಂದಿನ ದಾರಿ ಸ್ವಲ್ಪ ಕಾಣುತ್ತದೆ. ಕಂಡದ್ದು ನಿಜವೋ ಸುಳ್ಳೋ ಎಂದು ತಿಳಿಯಲು ಮೂರು ತಿಂಗಳಾದ ಮೇಲೆ ನಾನು ಒಬ್ಬೊಬ್ಬರ ಮನೆಗೂ ಫೋನು ಮಾಡಬೇಕು. ನಡೆಯುತ್ತಾರೆಯೇ, ತಮ್ಮ ಕೈಯಿಂದ ಉಣ್ಣುತ್ತಾರೆಯೇ, ಮೊದಲಿನ ಕೆಲಸ ಮಾಡುತ್ತಾರೆಯೇ ಎಂದು ಕೇಳಬೇಕು. ಮುದ್ದೇಬಿಹಾಳದ ಒಬ್ಬ ಹೆಣ್ಣುಮಗಳು, ತನ್ನ ಗಂಡ ತಾನೇ ಉಣ್ಣುವುದಷ್ಟೇ ಅಲ್ಲ, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ತಾಟು ದೂಡುತ್ತಾನೆ ಎಂದಳು. ಅವನು ಪೂರ್ತಿ ಗುಣವಾಗಿದ್ದಾನೆ ಎಂದು ಬರೆದುಕೊಂಡೆ. ಬಸವನ ಬಾಗೇವಾಡಿಯ ಒಂದು ಮನೆಯಲ್ಲಿ ಫೋನು ಎತ್ತಿದವರು ಏನೂ ಹೇಳದೆ ಅಳತೊಡಗಿದರು. ಅದನ್ನೂ ಬರೆದುಕೊಂಡೆ.

ಫೋನು ಮಾಡುವ ಮೊದಲು ರಕ್ತದ ಅಂಕಿ ನೋಡಿ, ಈ ಮನುಷ್ಯ ನಡೆಯುತ್ತಾನೆ, ಈತ ಇಲ್ಲ ಎಂದು ನನ್ನಷ್ಟಕ್ಕೆ ನಾನೇ ಹೇಳಿಕೊಳ್ಳುತ್ತಿದ್ದೆ. ಬಹಳ ಸಲ ಅದೇ ನಿಜವಾಗುತ್ತಿತ್ತು. ನನಗೆ ಜಂಬ ಬಂದಿತ್ತೆಂದರೆ ಸುಳ್ಳಲ್ಲ. ಮೇಡಂ ಮಾತ್ರ ಆಗಾಗ ಎಚ್ಚರಿಸುತ್ತಿದ್ದರು. ಇದು ಗುಂಪಿನ ಬಗ್ಗೆ ಹೇಳುತ್ತದೆಯೇ ಹೊರತು ಒಬ್ಬನ ಬಗ್ಗೆ ಅಲ್ಲ, ಇನ್ನೂ ಪಕ್ಕಾ ಆಗದ ವಿದ್ಯೆ, ಮನೆಯವರೆದುರು ಬಾಯಿ ಬಿಡಬೇಡಿ ಎನ್ನುತ್ತಿದ್ದರು. ಹೂಂ ಎಂದು ತಲೆಯಾಡಿಸುತ್ತಿದ್ದೆ. ಒಳಗೆ ಮಾತ್ರ, ಮನುಷ್ಯರು ಸುಳ್ಳು ಹೇಳಬಹುದು, ರಕ್ತ ಹೇಳುವುದಿಲ್ಲ ಎಂಬ ಹಟ ಇದ್ದೇ ಇತ್ತು.

ಹೀಗಿರುವಾಗ ಇಂಡಿ ಊರಿನ ಮಾಮಾನಿಗೆ ಲಕ್ವಾ ಹೊಡೆಯಿತು.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಇಂಡಿಯ ಮಾರ್ಕೆಟ್ಟಿನಲ್ಲಿ ಲಿಂಬೆಹಣ್ಣಿನ ಸವಾಲು, ಅಂದರೆ ಹರಾಜು, ಕೂಗುವವರು. ಹಣ್ಣಿನ ರಾಶಿಯ ಮುಂದೆ ನಿಂತು ಅವರು ದರ ಕೂಗತೊಡಗಿದರೆ ರಸ್ತೆಯ ಆಚೆ ಬದಿಯ ಹೋಟೆಲಿನವರು ರೇಡಿಯೋ ಬಂದ್ ಮಾಡುತ್ತಿದ್ದರಂತೆ. ಹೇಗೂ ಕೇಳಿಸುವುದಿಲ್ಲವಲ್ಲ. ಅಗಲವಾದ ದನಿ, ಅದರ ತುದಿಗೆ ಯಾವಾಗಲೂ ಒಂದು ಸಣ್ಣ ನಗೆ. ನಾನು ಹುಡುಗಿಯಾಗಿದ್ದಾಗಿನಿಂದ ಮುಖ ಗಂಟಿಕ್ಕುವವಳೇ. ಅದಕ್ಕೆ ಅವರು ನನ್ನನ್ನು ‘ಲಿಂಬಿ’ ಎಂದು ಕರೆಯುತ್ತಿದ್ದರು. ಮನೆಯಲ್ಲಿ ಬೇರೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕರೆದರೆ ನಾನು ಸುಮ್ಮನಿರುತ್ತಲೂ ಇರಲಿಲ್ಲ. ಮಕ್ಕಳಿಲ್ಲದ ಮಾಮಾ ಮತ್ತು ಅವರ ಹೆಂಡತಿ ಶಾಂತತ್ತಿ, ಇಬ್ಬರಿಗೂ ನಾನು ಹೆಚ್ಚುಕಡಿಮೆ ಮಗಳೇ.

ನಿದ್ದೆಯಲ್ಲೇ ಹೊಡೆದಿತ್ತು. ಬೆಳಿಗ್ಗೆ ಅತ್ತಿ ಎಬ್ಬಿಸಲು ಹೋದಾಗ ಬಲಗೈ, ಬಲಗಾಲು ಸತ್ತಿದ್ದವು, ಬಾಯಿ ಸೊಟ್ಟಗಾಗಿತ್ತು. ಯಾವ ಹೊತ್ತಿಗೆ ಆದದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಹೊರ್ತಿ ಊರಿನ ಮೇಲೆ ಹಾಯ್ದು ವಿಜಯಪುರಕ್ಕೆ ಗಾಡಿ ಓಡಿಸಿಕೊಂಡು ಬಂದರೂ, ರಕ್ತದ ಗಂಟು ಕರಗಿಸುವ ಇಂಜೆಕ್ಷನ್ ಕೊಡುವ ಹೊತ್ತು ಮೀರಿದೆ ಎಂದರು ಮೇಡಂ. ಸ್ಕ್ಯಾನಿನಲ್ಲಿ ಮಿದುಳಿನ ಎಡಗಡೆಯ ದೊಡ್ಡ ಭಾಗ ಕಪ್ಪಾಗಿತ್ತು. ಅಧ್ಯಯನಕ್ಕೆಂದು ರಕ್ತ ಕೊಡಲು ಅತ್ತಿ ಒಪ್ಪಿದಳು. ಬೇರೆಯವರು ಚುಚ್ಚುವುದು ಬೇಡ, ನಾನೇ ತೆಗೆಯುತ್ತೇನೆ ಎಂದೆ. ತೋಳಿಗೆ ಪಟ್ಟಿ ಬಿಗಿಯುವುದನ್ನೇ ಮರೆತು ಮಾಮಾನ ನರ ಹುಡುಕತೊಡಗಿದೆ. ಈ ಕೆಲಸಕ್ಕೆ ಸೇರಿದ ಮೇಲೆ ಹಾಗೆ ಆಗಿದ್ದು ಅದೇ ಮೊದಲು.

ನಾವು ರಕ್ತದ ಮಾದರಿಗಳನ್ನು ಶೀತಪೆಟ್ಟಿಗೆಯಲ್ಲಿ ಕೂಡಿಟ್ಟು, ಸಾಕಷ್ಟು ಆದ ಮೇಲೆ ಒಮ್ಮೆಲೇ ಯಂತ್ರಕ್ಕೆ ಹಾಕುತ್ತಿದ್ದೆವು. ಆ ಸರದಿ ಅದೇ ವಾರ ಬಂತು. ಮಾಮಾನ ಅಂಕಿ ನೋಡಿ ಯಂತ್ರ ಕೆಟ್ಟಿದೆ ಎಂದುಕೊಂಡು ಮತ್ತೆ ಹಾಕಿದೆ. ಮತ್ತೆ ಅಷ್ಟೇ ಬಂತು. ನಾನು ಅಲ್ಲಿಯವರೆಗೆ ನೋಡಿದವರಲ್ಲಿ ಅಂಥ ಅಂಕಿ ಇದ್ದ ಯಾರೂ ಎದ್ದು ಕೂತಿರಲಿಲ್ಲ. ಕೆಲವರು ಮೂರು ತಿಂಗಳ ಫೋನಿನವರೆಗೆ ಉಳಿದೇ ಇರಲಿಲ್ಲ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಲ್ಯಾಬಿನಿಂದ ವಾರ್ಡಿಗೆ, ವಾರ್ಡಿನಿಂದ ಲ್ಯಾಬಿಗೆ ಸುಮ್ಮನೆ ಹತ್ತಿ ಇಳಿಯುತ್ತಿದ್ದೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಎದ್ದು ಬಾಗಿಲ ಬಳಿ ನಿಲ್ಲುತ್ತಿದ್ದೆ.

ಮಾಮಾ ಮಾತಾಡಿದ್ದು ಆಗಲೇ. ಮೂಗಿನಲ್ಲಿ ನಳಿಕೆ, ಕಣ್ಣು ಅರೆಮುಚ್ಚಿದೆ, ಕರೆದರೆ ಓಗೊಡುವುದಿಲ್ಲ. ಹಾಗೆ ಮಲಗಿದ್ದವರು ಒಂದು ಬೆಳಿಗ್ಗೆ ತೊದಲುತ್ತ, ಆದರೆ ತಿಳಿಯುವಂತೆ, “ಬರ್ತೇನಿ” ಎಂದರು. ಅತ್ತಿ ದಡಬಡಿಸಿ ಎದ್ದು ನನಗೆ ಫೋನು ಮಾಡಿದಳು. ನಾನು ಓಡಿ ಹೋಗುವಷ್ಟರಲ್ಲಿ ಮತ್ತೆ ಅಂದರು. ಆಮೇಲೆ ಅದೇ ಮಾತು, ಅದೊಂದೇ ಮಾತು. ಹೆಸರು ಕೇಳಿದರೂ ಬರ್ತೇನಿ, ನೋವಿದೆಯಾ ಎಂದರೂ ಬರ್ತೇನಿ, ಯಾರೂ ಏನೂ ಕೇಳದಿದ್ದರೂ ಬರ್ತೇನಿ. ಮೇಡಂ ಅದಕ್ಕೆ ಅರ್ಥ ಹುಡುಕಬೇಡಿ ಎಂದರು. ಮಾತಿನ ಜಾಗ ಹಾಳಾದಾಗ ಕೆಲವರಿಗೆ ದಿನಾ ಆಡಿ ಆಡಿ ರೂಢಿಯಾದ ಒಂದು ಮಾತು ಮಾತ್ರ ಉಳಿದುಕೊಳ್ಳುತ್ತದೆ, ಒಬ್ಬರಿಗೆ ದೇವರ ಹೆಸರು, ಒಬ್ಬರಿಗೆ ಬೈಗುಳ, ನಿಮ್ಮ ಮಾಮಾನಿಗೆ ಇದು. ನನಗೆ ಇದು ಸರಿಯೆನಿಸಿತು. ಉಳಿದವರಿಗೆ ಅನಿಸಲಿಲ್ಲ.

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೇನಿ’ ಅನ್ನುವುದಿಲ್ಲ. ಪಕ್ಕದ ಓಣಿಯ ಅಂಗಡಿಗೆ ಕಡ್ಡಿಪೆಟ್ಟಿಗೆ ತರಲು ಹೋದರೂ ‘ಬರ್ತೇನಿ’ ಎಂದೇ ಅನ್ನಬೇಕು. ಬೇರೆ ಊರುಗಳಲ್ಲೂ ಹೀಗೇ ಇರಬಹುದು. ಆದರೆ ನಮ್ಮ ತಾಯಿಯ ತವರಿನಲ್ಲಿ ಅದರ ಇನ್ನರ್ಧ ಇನ್ನೂ ಗಟ್ಟಿ. ಹೊರಡುವವರು ಬರ್ತೇನಿ ಎಂದರೆ ಒಳಗಿರುವವರು ‘ಬರ್ರಿ’ ಅನ್ನಲೇಬೇಕು. ಅನ್ನುವವರೆಗೆ ಹೊರಡುವವರು ಹೊಸ್ತಿಲು ದಾಟುವುದಿಲ್ಲ. ನಾನು ಚಿಕ್ಕವಳಿದ್ದಾಗ ಅತ್ತಿ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದರೆ, ಅವಳಿಗೆ ಕೇಳಿಸಿ ಅವಳು ‘ಬರ್ರಿ’ ಅನ್ನುವವರೆಗೂ ಮಾಮಾ ಬಾಗಿಲಲ್ಲಿ ನಿಂತು ಕೂಗುತ್ತಲೇ ಇರುತ್ತಿದ್ದರು. ಮಾರ್ಕೆಟ್ಟಿಗೆ ಹೊತ್ತಾದರೂ ಸರಿಯೆ.

ಈಗ ಆ ಬರ್ತೇನಿಗೆ ಎರಡು ಅರ್ಥ ಹುಟ್ಟಿದವು. ಮಾಮಾನ ಅಣ್ಣ, ನಾವು ದೊಡ್ಡಮಾಮಾ ಅನ್ನುವವರು, ತಾಂಬಾ ಊರಿನಿಂದ ಬಂದು ಮಂಚದ ಪಕ್ಕ ಕೂತಿದ್ದರು. ತಮ್ಮ ಹೊರಟು ನಿಂತಿದ್ದಾನೆ, ಅಪ್ಪಣೆ ಕೇಳುತ್ತಿದ್ದಾನೆ, ಹೆಂಡತಿ ಬರ್ರಿ ಎಂದರೆ ನೆಮ್ಮದಿಯಿಂದ ಹೋಗುತ್ತಾನೆ ಎಂಬುದು ಅವರಿಗೆ ಕಂಡ ಅರ್ಥ. ಶಾಂತತ್ತಿ ಇದಕ್ಕೆ ತದ್ವಿರುದ್ಧ. ತಿರುಗಿ ಬರುತ್ತೇನೆ, ಕಾಯಿ ಎಂದು ಹೇಳುತ್ತಿದ್ದಾರೆ ಎಂಬುದು ಅವಳ ಹಟ. ಹಾಗೆ ಹಟ ಹಿಡಿದವಳು ಬರ್ರಿ ಎಂದು ಕರೆಯಬಹುದಿತ್ತಲ್ಲ, ಅದನ್ನೂ ಮಾಡಲಿಲ್ಲ. ಬರ್ರಿ ಅಂದುಬಿಟ್ಟರೆ ಎಲ್ಲಿ ಹೊರಟೇ ಬಿಡುತ್ತಾರೋ ಎಂಬ ಹೆದರಿಕೆ. ಮಾಮಾ ಬರ್ತೇನಿ ಎಂದಾಗಲೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಕೂರುತ್ತಿದ್ದಳು.

ಅದೇ ಹೊತ್ತಿಗೆ ಮಾಮಾನ ಎದೆಯಲ್ಲಿ ಕಫ ಕಟ್ಟಿತು. ಗಂಟಲಿಗೆ ತೂತು ಮಾಡಿ ಉಸಿರಿನ ಯಂತ್ರಕ್ಕೆ ಹಾಕುವುದೋ, ಇಲ್ಲ ಮನೆಗೆ ಕರೆದೊಯ್ಯುವುದೋ, ಮರುದಿನ ಬೆಳಿಗ್ಗೆಯೊಳಗೆ ಮನೆಯವರೆಲ್ಲ ಕೂತು ಮಾತಾಡಿ ಹೇಳಿ ಎಂದರು ಮೇಡಂ. ದೊಡ್ಡಮಾಮಾನಿಗೆ ತಮ್ಮನನ್ನು ಮನೆಗೆ ಒಯ್ಯಬೇಕು, ತನ್ನ ಕಟ್ಟೆಯ ಮೇಲೆ ತಾನು ಹೋಗಲಿ ಎಂದು. ಅವರೇನು ಕೆಟ್ಟವರಲ್ಲ. ತಮ್ಮನ ಕಾಲು ಒತ್ತುತ್ತ, ಅಳುತ್ತಲೇ ಅಂದರು.

“ಹಿಂಗ್ ಬಾಯಿಬಿಟ್ಟು ಕೇಳಾಕತ್ತಾನ. ಬರ್ರಿ ಅಂದ್ಬಿಡವಾ. ಎಷ್ಟ್ ದಿನಾ ಬಾಗಲದಾಗ ನಿಂದ್ರಸ್ತಿ?”

“ಲಗ್ನ ಆದಾಗಿಂದ ದಿನಾ ಅಂದೇನ್ರಿ,” ಎಂದಳು ಅತ್ತಿ. “ಇದೊಂದ್ ಸಲ ಅನ್ನಾಂಗಿಲ್ಲ.”

ಆಮೇಲೆ ನನ್ನನ್ನು ಹೊರಗೆ ಕರೆದುಕೊಂಡು ಹೋದಳು. ನಾನು ಯಾವುದಕ್ಕೆ ಹೆದರುತ್ತಿದ್ದೆನೋ ಅದನ್ನೇ ಕೇಳಿದಳು. “ನಿನ್ನ ರಕ್ತದ ಮಿಷೀನು ಏನಂತೈತಿ? ಖರೇ ಹೇಳು.” ಅದು ಬರೀ ಅಭ್ಯಾಸಕ್ಕೆ ಮಾಡುವುದು, ಅದನ್ನು ನಂಬಿ ಏನೂ ಮಾಡಬಾರದು, ಮೇಡಂ ಕೂಡ ಹಾಗೇ ಹೇಳಿದ್ದಾರೆ ಎಂದು ಏನೇನೋ ಒದರಿದೆ. ಅತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು. “ನಿನ್ನ ಮಾರಿ ಹೇಳಾಕತ್ತೈತಿ ಬಿಡು,” ಎಂದವಳು ಒಳಗೆ ಹೋಗಿಬಿಟ್ಟಳು. ಅವಳ ಗಂಡ ಉಳಿಯುವುದಿಲ್ಲವೆಂದು ನಾನೇ ತೀರ್ಪು ಕೊಟ್ಟಂತಾಗಿತ್ತು, ಅಂಕಿಯ ಬಗ್ಗೆ ಒಂದು ಮಾತೂ ಆಡದೆ. ಎಲ್ಲಿಗಾದರೂ ಓಡಿಹೋಗಬೇಕು ಅನಿಸಿತು. ಓಡಿಹೋದದ್ದು ಲ್ಯಾಬಿಗೆ.

ಅವತ್ತು ಬೆಳಿಗ್ಗೆಯೇ ತೆಗೆದ ಮಾಮಾನ ಎರಡನೆಯ ರಕ್ತ ಅಲ್ಲಿತ್ತು. ಯಂತ್ರದಲ್ಲಿ ಗಿರಗಿರ ತಿರುಗಿಸಿ ಇಟ್ಟಿದ್ದೆ. ಹಾಗೆ ತಿರುಗಿಸಿದರೆ ಕೆಂಪೆಲ್ಲ ಕೆಳಗೆ ಕೂತು, ಮೇಲೆ ಸೋಸಿದ ಎಣ್ಣೆಯಂಥ ತಿಳಿ ನಿಲ್ಲುತ್ತದೆ. ಆ ತಿಳಿಯನ್ನು ಸಣ್ಣ ನಳಿಕೆಯಿಂದ ಮೆಲ್ಲಗೆ ಎಳೆದು ಪುಟ್ಟ ಶೀಶೆಗಳಿಗೆ ತುಂಬಬೇಕು. ನಳಿಕೆಯ ತುದಿ ಕೆಳಗಿನ ಕೆಂಪಿಗೆ ತಾಗಿದರೆ ಎಲ್ಲ ಕೆಟ್ಟಂತೆ. ಆ ಹೊತ್ತಿನಲ್ಲಿ ನಾನು ಉಸಿರು ಕೂಡ ಬಿಗಿಹಿಡಿದಿರುತ್ತೇನೆ, ಪಕ್ಕದಲ್ಲಿ ಪಟಾಕಿ ಹೊಡೆದರೂ ತಿರುಗುವುದಿಲ್ಲ. ಬಾಗಿಲಿಗೆ ಬೆನ್ನು ಹಾಕಿ ನಿಂತು ಹಾಗೆ ಎಳೆಯುತ್ತಿದ್ದೆ.

“ಬರ್ತೇನಿ, ಲಿಂಬೀ.”

ಬಾಗಿಲ ಬಳಿಯಿಂದ. ಅಗಲವಾದ ದನಿ, ತೊದಲಿಲ್ಲ, ತುದಿಗೆ ಆ ಸಣ್ಣ ನಗೆ. ಮಾರ್ಕೆಟ್ಟಿಗೆ ಹೊರಟ ಮಾಮಾ ಹೇಗೆ ಅನ್ನುತ್ತಿದ್ದರೋ ಹಾಗೆಯೇ. ನಾನು ತಿರುಗಲಿಲ್ಲ. ನನ್ನ ಗಮನವೆಲ್ಲ ಆ ತಿಳಿಯ ಮೇಲೆ, ನಾಲಗೆ ಮಾತ್ರ ತನ್ನ ಪಾಡಿಗೆ ತಾನು, ಹುಡುಗಿಯಾಗಿದ್ದಾಗಿನಿಂದ ಅನ್ನುತ್ತ ಬಂದದ್ದನ್ನು ಅಂದುಬಿಟ್ಟಿತು.

“ಹೂಂ, ಬರ್ರಿ ಮಾಮಾ.”

ಶೀಶೆ ತುಂಬಿದೆ, ಮುಚ್ಚಳ ಹಾಕಿದೆ, ಚೀಟಿ ಅಂಟಿಸಿದೆ. ಚೀಟಿಯ ಮೇಲಿನ ಹೆಸರು ಓದಿದಾಗ ನಾನು ಏನು ಮಾಡಿದೆನೆಂದು ಗೊತ್ತಾಯಿತು. ತಿರುಗಿ ನೋಡಿದರೆ ಬಾಗಿಲು ತೆರೆದಿತ್ತು, ಯಾರೂ ಇರಲಿಲ್ಲ. ಹೊರಗಿನ ಮೇಜಿನ ಬಳಿ ನನ್ನ ಜೊತೆಯ ರಫೀಕ್ ಭಾಯಿ ಕೂತಿದ್ದರು. ಮೋರಟಗಿಯವರು, ನನಗಿಂತ ಹಿರಿಯರು, ಇಂಥ ಮಾತಿಗೆ ನನ್ನಷ್ಟೇ ನಗುವವರು. ಅವರನ್ನು ದಾಟದೆ ಯಾರೂ ಒಳಗೆ ಬರಲಾರರು. ಅವರು ತಲೆಯೆತ್ತಿ ನನ್ನನ್ನು ನೋಡಿ ಕೇಳಿದರು.

“ಯಾರಿಗ್ರಿ ಬರ್ರಿ ಅಂದ್ರಿ? ಇಲ್ಲಿ ಯಾರೂ ಇಲ್ಲಲ್ರಿ.”

ನನ್ನ ದನಿ ಅವರಿಗೆ ಕೇಳಿಸಿತ್ತು. ಅದರ ಹಿಂದಿನದು ಕೇಳಿಸಿರಲಿಲ್ಲ.

ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ವಾರ್ಡಿನಲ್ಲಿ ಮಾಮಾ ಕಣ್ಣು ಮುಚ್ಚಿ ಮಲಗಿದ್ದರು, ಎದೆ ಏರಿಳಿಯುತ್ತಿತ್ತು. ದೊಡ್ಡಮಾಮಾ ಚಹಾಕ್ಕೆ ಹೋಗಿದ್ದರು. ಅತ್ತಿ ಒಬ್ಬಳೇ ಇದ್ದಳು. ಈಗಷ್ಟೇ ಸುಮ್ಮನಾದರು, ಬೆಳಗಿನಿಂದ ಅಂದೇ ಅನ್ನುತ್ತಿದ್ದವರು ಒಮ್ಮೆಲೇ ನಿಲ್ಲಿಸಿಬಿಟ್ಟರು ಎಂದಳು. ನನಗೆ ಬಚ್ಚಿಡಲಾಗಲಿಲ್ಲ. ನೆಲದ ಮೇಲೆ ಅವಳ ಕಾಲ ಬಳಿ ಕೂತು ಎಲ್ಲ ಹೇಳಿದೆ. ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದರೆ ಒಳ್ಳೆಯದಿತ್ತು. ಅವಳು ನನ್ನ ರೆಟ್ಟೆ ಗಟ್ಟಿಯಾಗಿ ಹಿಡಿದು ಕೇಳಿದ್ದು ಒಂದೇ.

“ಬರ್ರಿ ಅಂದ್ಯೋ, ಹೋಗ್ರಿ ಅಂದ್ಯೋ?”

“ಬರ್ರಿ ಅಂದೆ.”

“ಹಂಗಾರ ಬರ್ತಾರ,” ಎಂದು ರೆಟ್ಟೆ ಬಿಟ್ಟಳು.

ಅವತ್ತು ನಾನು ಸಿಂದಗಿಗೆ ಹೋಗಲಿಲ್ಲ. ಪ್ರತಿ ಉಸಿರನ್ನೂ ಇದೇ ಕೊನೆಯದೋ ಎಂದು ನೋಡುತ್ತ ಕೂತೆ. ಬೆಳಗಿನ ಹೊತ್ತಿಗೆ ಮಾಮಾ ಜೋರಾಗಿ ಕೆಮ್ಮಿದರು. ಕಣ್ಣು ಬಿಟ್ಟರು. ಎಡಗೈ ಎತ್ತಿ ಮೂಗಿನ ನಳಿಕೆಯನ್ನು ಕಿತ್ತು ಎಸೆಯಲು ನೋಡಿದರು. ಮೇಡಂ ಬಂದು ನೋಡಿ, ಗಂಟಲಿಗೆ ಈಗಲೇ ಕೈ ಹಚ್ಚುವುದು ಬೇಡ, ಕಾಯೋಣ ಎಂದರು. ಒಂದು ವಾರದಲ್ಲಿ ದಿಂಬಿಗೊರಗಿ ಕೂತರು. ಮನೆಗೆ ಹೋಗುವ ಹೊತ್ತಿಗೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ದೊಡ್ಡಮಾಮಾ ವಾರ್ಡಿನವರಿಗೆಲ್ಲ ಫೇಡೆ ಹಂಚಿದರು. ನಾನೂ ತಿಂದೆ. ಸಂತೋಷ ಆಗಲಿಲ್ಲವೆಂದಲ್ಲ, ಬಹಳ ಆಯಿತು. ಆದರೆ ಅದರ ಪಕ್ಕದಲ್ಲೇ ಏನೋ ಒಂದು ಕೂತಿತ್ತು, ಎದ್ದು ಹೋಗಲಿಲ್ಲ.

ಎರಡನೆಯ ರಕ್ತವನ್ನೂ ಅಳೆದೆವು. ಅದು ಮೊದಲಿನದಕ್ಕಿಂತ ಕೆಟ್ಟದಾಗಿತ್ತು. ಮುಂದೆ ಎಲ್ಲರ ಅಂಕಿಗಳನ್ನೂ ಚುಕ್ಕಿಗಳಾಗಿ ಕಂಪ್ಯೂಟರಿನಲ್ಲಿ ಹರಡಿದಾಗ ಮಾಮಾನ ಚುಕ್ಕಿ ಹಿಂಡು ತಪ್ಪಿದ ಕುರಿಯಂತೆ ದೂರ ಬಿದ್ದಿತ್ತು. ಮೇಡಂ ಅದನ್ನು ನನಗೆ ತೋರಿಸಿ, ಇದಕ್ಕೇ ನಾನು ಗುಂಪಿನ ಮಾತು ಬೇರೆ, ಒಬ್ಬನ ಮಾತು ಬೇರೆ ಅನ್ನುತ್ತಿದ್ದದ್ದು ಎಂದರು. ದನಿಯ ವಿಷಯವನ್ನೂ ಅವರಿಗೆ ಹೇಳಿದೆ. ನಗಲಿಲ್ಲ. ನಿದ್ದೆಗೆಟ್ಟಿದ್ದೀರಿ, ದಿನವಿಡೀ ಅದೇ ಮಾತು ಕೇಳಿದ್ದೀರಿ, ಮನಸ್ಸು ಅದನ್ನೇ ತಿರುಗಿಸಿ ಕೇಳಿಸಿದೆ ಎಂದರು. ಇರಬಹುದು. ಆದರೆ ವಾರ್ಡಿನಲ್ಲಿ ಮಾಮಾ ಒಮ್ಮೆಯೂ ಲಿಂಬಿ ಎಂದಿರಲಿಲ್ಲವಲ್ಲ ಎಂದೆ. ಅದನ್ನು ನಿಮ್ಮ ಮನಸ್ಸೇ ಸೇರಿಸಿಕೊಂಡಿದೆ ಎಂದರು. ಅದೂ ಇರಬಹುದು. ಲ್ಯಾಬಿನ ಹೊರಗಿನ ಕ್ಯಾಮೆರಾ ನೋಡೋಣವೆಂದು ವಾಚ್‌ಮನ್ ಬಳಿಗೂ ಹೋಗಿದ್ದೆ. ನಮ್ಮ ಆಸ್ಪತ್ರೆಯ ಕ್ಯಾಮೆರಾಗಳು ನಿಲ್ಲಿಸಿದ ಸ್ಕೂಟರುಗಳನ್ನು ಬಿಟ್ಟು ಬೇರೇನೂ ನೋಡುವುದಿಲ್ಲ.

ಮೂರು ತಿಂಗಳಾಯಿತು. ನಿಯಮ ನಿಯಮವೇ, ಮಾಮಾನ ಮನೆಗೂ ಲ್ಯಾಬಿನಿಂದಲೇ ಫೋನು ಮಾಡಿದೆ. ಅತ್ತಿ ಎತ್ತಿದಳು. ನಡೆಯುತ್ತಾರೆಯೇ ಎಂದು ಕೇಳಿದೆ. ನಡೆಯುತ್ತಾರೆ. ತಮ್ಮ ಕೈಯಿಂದ ಉಣ್ಣುತ್ತಾರೆಯೇ? ಉಣ್ಣುತ್ತಾರೆ. ಮೊದಲಿನ ಕೆಲಸ? ಸವಾಲು ಕೂಗಲು ಆಗುವುದಿಲ್ಲ, ದಿನಾ ಮಾರ್ಕೆಟ್ಟಿಗೆ ಹೋಗಿ ಕೂತು ಬರುತ್ತಾರೆ, ಮಾತು ಮುಕ್ಕಾಲು ಪಾಲು ಬಂದಿದೆ. ಇಷ್ಟು ಗುಣ ಕಂಡವರು ನಮ್ಮ ಅಧ್ಯಯನದಲ್ಲಿ ಕಡಿಮೆ. ಫೋನಿಡಬೇಕೆನ್ನುವಾಗ ಅತ್ತಿ ಇನ್ನೊಂದು ಕೇಳು ಎಂದಳು. ಕೇಳುವುದೆಲ್ಲ ಮುಗಿಯಿತಲ್ಲ ಎಂದೆ.

“ಹೊರಗ ಹೋಗುವಾಗ ಏನಂತಾರ, ಕೇಳು.”

ಏನಂತಾರೆ ಎಂದೆ.

“ಹೋಗ್ತೇನಿ ಅಂತಾರ.” ಆಮೇಲೆ ದನಿ ತಗ್ಗಿಸಿ ಕೇಳಿದಳು. “ನೀ ಅವತ್ತ ಯಾರಿಗೆ ಬರ್ರಿ ಅಂದಿ?”

ತಿರುಗಿ ಬಂದವರು ಮಾಮಾನೇ ಹೌದೋ ಅಲ್ಲವೋ ಎಂದು ನೋಡಲು ಆ ಭಾನುವಾರವೇ ಇಂಡಿಗೆ ಹೋದೆ. ಮಾಮಾ ಚೆನ್ನಾಗಿದ್ದರು, ಕಾಲು ತುಸು ಎಳೆದು ಹಾಕುತ್ತಿದ್ದರು, ಅಷ್ಟೇ. ಪಕ್ಕದ ಮನೆಯವರು, ದೊಡ್ಡಮಾಮಾ, ಎಲ್ಲರ ಗುರುತು ಹಿಡಿಯುತ್ತಿದ್ದರು. ನನ್ನನ್ನು ಲಿಂಬಿ ಎನ್ನಲಿಲ್ಲ, ನನ್ನ ನಿಜವಾದ ಹೆಸರಿನಿಂದ ಕರೆದರು. ಆಸ್ಪತ್ರೆಯದೇನೂ ನೆನಪಿಲ್ಲ ಎಂದರು. ಬಸ್ಸು ಬರ್ತೈತಿ, ಮಳಿ ಬರ್ತೈತಿ, ಅಣ್ಣಾ ನಾಳಿಗಿ ಬರ್ತಾನ, ಇವೆಲ್ಲ ನೆಟ್ಟಗೆ ಬರುತ್ತಿದ್ದವು. ತಮ್ಮ ಬಗ್ಗೆ ಹೇಳುವ ಆ ಒಂದು ಬರ್ತೇನಿ ಮಾತ್ರ ಇಲ್ಲ. ಮಾತು ಕಲಿಸುವ ತರಬೇತಿಯಲ್ಲಿ ಹೇಳಿಸಿ ನೋಡಿದ್ದರಂತೆ. ತುಟಿ ಕೂಡಿಸಿ ಬ ಎನ್ನಲು ಹೋಗಿ ಬೆವರಿ, ಕೊನೆಗೆ ಹೋಗ್ತೇನಿ ಎಂದು ಮುಗಿಸಿದರಂತೆ. ಮಿದುಳಿನಲ್ಲಿ ಅಂಥದೂ ಆಗುತ್ತದೆ, ಒಂದು ಮಾತಿನ ಜಾಗಕ್ಕೆ ಇನ್ನೊಂದು ಬಂದು ಕೂಡುತ್ತದೆ ಎಂದರು ಮೇಡಂ. ಅವರ ಬಳಿ ಎಲ್ಲದಕ್ಕೂ ಉತ್ತರವಿದೆ, ಯಾವುದೂ ಸುಳ್ಳಲ್ಲ. ಅವನ್ನೆಲ್ಲ ಕೂಡಿಸಿದರೂ ಆ ಮಧ್ಯಾಹ್ನದಷ್ಟು ಆಗುವುದಿಲ್ಲ ಎಂಬುದೇ ನನ್ನ ಸಂಕಟ.

ಅತ್ತಿ ತನಗೊಂದು ದಾರಿ ಮಾಡಿಕೊಂಡಿದ್ದಳು. ಮಾಮಾ ಚಪ್ಪಲಿ ಮೆಟ್ಟಿ ಹೋಗ್ತೇನಿ ಎಂದ ಕೂಡಲೇ, ಅವರ ಪರವಾಗಿ ತಾನೇ ಸಣ್ಣ ದನಿಯಲ್ಲಿ ‘ಬರ್ತೇನಿ’ ಅನ್ನುತ್ತಾಳೆ. ಆಮೇಲೆ ದೊಡ್ಡ ದನಿಯಲ್ಲಿ ತನ್ನ ಪಾಲಿನ ‘ಬರ್ರಿ’ ಅನ್ನುತ್ತಾಳೆ. ದಿನಾ, ತಪ್ಪದೆ. ಅದನ್ನು ಮೊದಲ ಸಲ ಕೇಳಿದಾಗ ನಾನು ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಹೋದ ತಿಂಗಳು ಮತ್ತೆ ಹೋಗಿದ್ದೆ. ಅತ್ತಿ ಪಕ್ಕದ ಮನೆಯ ಸೀಮಂತಕ್ಕೆ ಹೋಗಿದ್ದಳು. ನಾನು ಸಿಂದಗಿಯ ಬಸ್ಸಿಗೆಂದು ಚೀಲ ಕಟ್ಟಿ ಪಡಸಾಲೆಯಲ್ಲಿ ಕೂತಿದ್ದೆ. ಮಾಮಾ ಟೊಪ್ಪಿಗೆ ಹಾಕಿಕೊಂಡು ಬಂದರು, ಎಡಗೈಯಿಂದ ಬಾಗಿಲು ಹಿಡಿದು ಚಪ್ಪಲಿ ಮೆಟ್ಟಿದರು. ಹೋಗ್ತೇನಿ ಎಂದರು. ಅಷ್ಟು ಸರಳವಾಗಿ ಅಂದರು. ಹೋಗ್ತೇನಿ ಎಂದವರಿಗೆ ಮರಳಿ ಅನ್ನಲು ನಮ್ಮ ಮಾತಿನಲ್ಲಿ ಏನೂ ಇಲ್ಲ. ಯಾರೂ ಹಾಗೆ ಅನ್ನುವುದಿಲ್ಲವಾದ್ದರಿಂದ ಅದಕ್ಕೊಂದು ಉತ್ತರವೂ ಹುಟ್ಟಿಲ್ಲ. ಅವರು ನನ್ನನ್ನೇ ನೋಡುತ್ತ ನಿಂತಿದ್ದರು.

“ಬರ್ರಿ ಮಾಮಾ,” ಎಂದೆ.

ಅವರು ಹುಬ್ಬು ಕೂಡಿಸಿ ಕೇಳಿದರು.

“ಎಲ್ಲಿಗೆ?”

ತಮಾಷೆಯಲ್ಲ. ನಿಜವಾಗಿಯೂ ಗೊತ್ತಿಲ್ಲದವರು ಕೇಳುವಂತೆ ಕೇಳಿದರು. ಮನಿಗಿ, ನಿಮ್ ಮನಿಗಿ ಎಂದೆ. ಅವರು ಪಡಸಾಲೆಯನ್ನು, ಗೋಡೆಯ ಮೇಲಿನ ಅತ್ತಿಯ ಮತ್ತು ತಮ್ಮ ಲಗ್ನದ ಫೋಟೋವನ್ನು, ನನ್ನನ್ನು ಒಮ್ಮೆ ನೋಡಿದರು. ಆಮೇಲೆ “ನೋಡ್ತೇನಿ,” ಎಂದು ಹೊಸ್ತಿಲು ದಾಟಿ ಹೋದರು.

ನಾನು ಬಸ್ಸಿಗೆ ಹೋಗಲಿಲ್ಲ. ಅವರು ತಿರುಗಿ ಬರುವವರೆಗೂ ಕಟ್ಟೆಯ ಮೇಲೆ ಓಣಿಯ ತುದಿಯನ್ನೇ ನೋಡುತ್ತ ಕೂತೆ.